ಮಗುವಿನ ಉಸಿರು ಎಣಿಸುವ ಒಂದು ನಿಮಿಷ

ಶ್ವಾಸಕೋಶದೊಳಗೆ ದ್ರಾಕ್ಷಿ ಗೊಂಚಲಿನಂತಿರುವ ಗಾಳಿಚೀಲಗಳಲ್ಲಿ ಕೀವು, ದ್ರವ ತುಂಬಿಕೊಳ್ಳುವ ಸೋಂಕೇ ನ್ಯುಮೋನಿಯಾ. ಗಾಳಿ ಆಡಬೇಕಾದಲ್ಲಿ ನೀರು ನಿಂತರೆ ರಕ್ತಕ್ಕೆ ಆಮ್ಲಜನಕ ಸಾಲದು. ಆ ಕೊರತೆ ತುಂಬಲು ಮಗು ಬೇಗಬೇಗ ಉಸಿರೆಳೆಯುತ್ತದೆ. ವೈರಸ್ಸಿನಿಂದಲೂ ಈ ಕಾಯಿಲೆ ಬರುತ್ತದೆ. ಆದರೆ ತೀವ್ರ ಸ್ವರೂಪದ ಹಿಂದೆ ಹಲವು ಬಾರಿ ಇರುವುದು ನ್ಯುಮೊಕಾಕಸ್, ಹಿಬ್ ಎಂಬ ಬ್ಯಾಕ್ಟೀರಿಯಾಗಳು. ಸ್ಟ್ಯಾಫಿಲೊಕಾಕಸ್ ಹೊಕ್ಕರೆ ಶ್ವಾಸಕೋಶದ ಸುತ್ತ ಕೀವು ಕಟ್ಟಿ, ನಳಿಕೆ ಹಾಕಿ ತೆಗೆಯಬೇಕಾಗಬಹುದು.

ಇದರ ಸುಳಿವು ಹಿಡಿಯಲು ಸ್ಟೆತಾಸ್ಕೋಪ್ ಬೇಕಿಲ್ಲ, ಗಡಿಯಾರ ಸಾಕು. ಮಗು ಅಳದೆ ಇರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಬರಿಯ ನೆಗಡಿಯಲ್ಲ. ಮುಂದಿನ ಹಂತ ಪಕ್ಕೆ ಸೆಳೆತ: ಬಿಗಿದುಕೊಂಡ ಶ್ವಾಸಕೋಶವನ್ನು ಹಿಗ್ಗಿಸಲು ವಪೆ ಜೋರಾಗಿ ಎಳೆದಾಗ, ಎಳೆಯ ಪಕ್ಕೆಲುಬುಗಳು ತಡೆಯಲಾರದೆ ಎದೆಯ ಕೆಳಭಾಗ ಒಳಕ್ಕೆ ಕುಸಿಯುತ್ತದೆ. ಮಗು ಮೊಲೆ ಕುಡಿಯದಿದ್ದರೆ, ಮಂಕಾದರೆ, ಫಿಟ್ಸ್ ಬಂದರೆ, ತುಟಿ ನೀಲಿಗಟ್ಟಿದರೆ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 90ಕ್ಕಿಂತ ಕಡಿಮೆ ತೋರಿಸಿದರೆ ಅದು ತೀವ್ರ ನ್ಯುಮೋನಿಯಾ. ಆಗ ಆಮ್ಲಜನಕ ಮತ್ತು ರಕ್ತನಾಳದ ಮೂಲಕ ಆಂಟಿಬಯೋಟಿಕ್ ಬೇಕು. ಮನೆಯಲ್ಲಿ ಉಳಿದಿರುವ ಸಿರಪ್ಪಿನಿಂದ ಆಗುವ ಕೆಲಸವಲ್ಲ.

ದೂರವೂ ಇಲ್ಲಿ ಕಾಯಿಲೆಯ ಭಾಗವೇ. ತುಮಕೂರು ಜಿಲ್ಲೆಯ ದೊಡ್ಡೇರಿ ಹೋಬಳಿಯವರಿಗೆ ಮಧುಗಿರಿಯ ತಾಲ್ಲೂಕು ಆಸ್ಪತ್ರೆ ಇದೆ. ಪಾವಗಡದ ಮಗುವನ್ನು ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಒಯ್ಯಬೇಕಾದರೆ ಸುಮಾರು 100 ಕಿ.ಮೀ. ದಾರಿ. ರಾತ್ರಿ ಪಕ್ಕೆ ಸೆಳೆತ ಕಂಡರೆ ಬೆಳಗಾಗುವುದನ್ನು ಕಾಯದೆ 108ಕ್ಕೆ ಕರೆ ಮಾಡುವುದು ಅದಕ್ಕೇ.

ಎಣ್ಣೆನೀರು ಹಾಕಿದ ಮೇಲೆ ಕೂಸಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದು ಅಕ್ಕರೆಯ ಪದ್ಧತಿ, ಆದರೆ ಶ್ವಾಸಕೋಶಕ್ಕೆ ಅದೂ ಸೌದೆ ಒಲೆಯ ಹೊಗೆಯ ಹಾಗೆಯೇ. ಮೂಗಿಗೆ ಎಣ್ಣೆ ಬಿಡುವುದು ಇನ್ನೂ ಕೆಟ್ಟದ್ದು: ಎಣ್ಣೆ ಶ್ವಾಸಕೋಶಕ್ಕಿಳಿದು ಬೇರೆಯದೇ ನ್ಯುಮೋನಿಯಾ ತರುತ್ತದೆ. ಎದೆಗೆ ಬರೆ ಹಾಕಿದರೆ ರೋಗದ ಜೊತೆಗೆ ಸುಟ್ಟಗಾಯ ಸೇರುತ್ತದೆ, ಅಷ್ಟೇ.

ಹಿಬ್ ತಡೆಯುವ ಪೆಂಟಾವೇಲೆಂಟ್ ಲಸಿಕೆ ಕರ್ನಾಟಕಕ್ಕೆ 2013ರಲ್ಲಿ ಬಂತು. ನ್ಯುಮೊಕಾಕಸ್ ವಿರುದ್ಧದ ಪಿಸಿವಿ 2021ರಲ್ಲಿ ದೇಶದಾದ್ಯಂತ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು, ಹೀಗೆ ಮೂರು ಬಾರಿ, ಉಚಿತವಾಗಿ. ತಾಯಿ ಕಾರ್ಡಿನಲ್ಲಿ ಆ ಮೂರು ದಿನಾಂಕಗಳು ತುಂಬಿವೆಯೇ ಎಂದು ಒಮ್ಮೆ ತೆರೆದು ನೋಡಿ.