ಎದೆಗೊಂದು ಉರಿ, ತೊಡೆಗೊಂದು ಉರಿ

ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಂದು ಲಕ್ಷಾಂತರ ಮನೆಗಳ ಓವನ್ನಿನಲ್ಲಿ ಆರೇಳು ಕಿಲೋ ತೂಗುವ ಇಡೀ ಟರ್ಕಿ ಕೋಳಿ ಗಂಟೆಗಟ್ಟಲೆ ಬೇಯುತ್ತಿರುತ್ತದೆ. ಹೊರಗೆ ತೆಗೆದು ಕತ್ತರಿಸಿದಾಗ ಬಹಳ ಕಡೆ ಕಾಣುವುದು ಒಂದೇ ಚಿತ್ರ: ಎದೆಯ ಮಾಂಸ ಒಣಗಿ ನಾರುನಾರಾಗಿದೆ, ತೊಡೆಯ ಸಂದಿನಲ್ಲಿ ಇನ್ನೂ ಹಸಿ ಉಳಿದಿದೆ. ಇದಕ್ಕೆ ಅಡುಗೆಯವರನ್ನು ದೂರುವ ಮೊದಲು ಆ ಹಕ್ಕಿ ಬದುಕುವ ರೀತಿಯನ್ನು ನೋಡಬೇಕು.

ಕಾಡಿನ ಟರ್ಕಿ ದಿನವಿಡೀ ನೆಲದ ಮೇಲೆ ನಡೆಯುತ್ತ, ತರಗೆಲೆ ಕೆದಕುತ್ತ ಕಾಳು, ಹುಳು ಹೆಕ್ಕುತ್ತದೆ. ರೆಕ್ಕೆಗೆ ಕೆಲಸ ಬೀಳುವುದು ಶತ್ರು ಮೇಲೆ ಬಿದ್ದಾಗ, ಇಲ್ಲವೇ ಸಂಜೆ ಮಲಗಲು ಮರದ ಕೊಂಬೆಗೆ ಏರುವಾಗ. ಆಗ ಭರ್ರೆಂದು ಹಾರಿ, ಸ್ವಲ್ಪ ದೂರ ಹೋಗಿ ಇಳಿದುಬಿಡುತ್ತದೆ. ಹಾಗಾಗಿ ಅದರ ಮೈಯಲ್ಲಿ ಎರಡು ಬಗೆಯ ಸ್ನಾಯುಗಳಿವೆ. ಕಾಲಿನ ಸ್ನಾಯು ಗಂಟೆಗಟ್ಟಲೆ ದುಡಿಯುವಂಥದ್ದು. ಅದಕ್ಕೆ ಬೇಕಾದ ಆಮ್ಲಜನಕವನ್ನು ಕೂಡಿಟ್ಟುಕೊಳ್ಳುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನಿಂದಲೇ ಆ ಮಾಂಸಕ್ಕೆ ಕಡುಬಣ್ಣ. ಎದೆಯ ಸ್ನಾಯುವಿನದು ಕ್ಷಣದ ಅಬ್ಬರ. ತನ್ನಲ್ಲಿರುವ ಗ್ಲೈಕೋಜನ್ ಕರಗಿಸಿ ಒಮ್ಮೆಲೇ ಶಕ್ತಿ ಚಿಮ್ಮಿಸುತ್ತದೆ, ಬೇಗ ಸೋಲುತ್ತದೆ. ಮಯೋಗ್ಲೋಬಿನ್ ಕಡಿಮೆ ಇರುವುದರಿಂದ ಅದು ಬಿಳಿ.

ಈ ಬಿಳಿ ಮಾಂಸದ ಆಸೆಗೆ ಮನುಷ್ಯ ತಲೆಮಾರುಗಟ್ಟಲೆ ಆರಿಸಿ ಆರಿಸಿ ತಳಿ ಮಾಡಿದ. ಇಂದಿನ ಫಾರಂ ಟರ್ಕಿಯ ಎದೆ ಎಷ್ಟು ದಪ್ಪವೆಂದರೆ ಬೆಳೆದ ಹಕ್ಕಿಗೆ ಹಾರಲಾಗದು, ಗಂಡು ಹೆಣ್ಣು ಸಹಜವಾಗಿ ಕೂಡಲೂ ಆಗದು. ಸಂತಾನವೆಲ್ಲ ಕೃತಕ ಗರ್ಭಧಾರಣೆಯಿಂದಲೇ. ಇದು ನನಗೆ ಸಂಕಟ ತರುವ ಸಂಗತಿ. ಅಡುಗೆಯ ತೊಡಕು ಹೆಚ್ಚಿದ್ದೂ ಇದರಿಂದಲೇ.

ಬಿಸಿ ತಗುಲಿದಾಗ ಮಾಂಸದ ಎಳೆಗಳಲ್ಲಿರುವ ಪ್ರೋಟೀನುಗಳು ಮುದುಡುತ್ತವೆ. ಸುಮಾರು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಯೋಸಿನ್‌ನ ಸರದಿ. ಅಲ್ಲಿಗೆ ಮಾಂಸ ಗಟ್ಟಿಯಾಗತೊಡಗುತ್ತದೆ, ರಸ ಬಹುಪಾಲು ಉಳಿದಿರುತ್ತದೆ. 65 ದಾಟಿ ಮೇಲೇರಿದಂತೆ ಆಕ್ಟಿನ್ ಕೂಡ ಬಿಗಿದುಕೊಂಡು, ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರು ಹೊರಬೀಳುತ್ತದೆ. ತೊಡೆಯ ಕತೆಯೇ ಬೇರೆ. ಅಲ್ಲಿನ ಎಳೆಗಳನ್ನು ಕಟ್ಟಿಹಾಕಿರುವ ಕೊಲಾಜನ್ ಕರಗಿ ಮೆತ್ತನೆಯ ಜೆಲಟಿನ್ ಆಗಬೇಕಾದರೆ 75ರಿಂದ 80 ಡಿಗ್ರಿ ಬೇಕು, ಸಮಯವೂ ಬೇಕು. ತೊಡೆಗೆ ಹದವಾದ ಬಿಸಿ ಎದೆಗೆ ಅತಿಯಾಗುತ್ತದೆ.

ಹಾಗಾದರೆ ಎದೆಯನ್ನು ಹಿಂದೆ ಉಳಿಸಬೇಕು, ಇಲ್ಲವೇ ತೊಡೆಯನ್ನು ಮುಂದೆ ತಳ್ಳಬೇಕು. ಅಡುಗೆಯ ವಿಜ್ಞಾನ ಬರೆದು ಹೆಸರಾದ ಹೆರಾಲ್ಡ್ ಮೆಕ್‌ಗೀ ಓವನ್ನಿಗೆ ಇಡುವ ಮೊದಲು ಎದೆಯ ಮೇಲೆ ಐಸ್ ಚೀಲ ಇಡುವ ಉಪಾಯ ಹೇಳಿದರು. ತೊಡೆ ಕೋಣೆಯ ಬಿಸಿಗೆ ಬರುತ್ತಿರುವಾಗ ಎದೆ ತಣ್ಣಗೇ ಇರುತ್ತದೆ. ನನಗೆ ಇದಕ್ಕಿಂತ ಮೆಚ್ಚುಗೆಯಾದದ್ದು ಬೆನ್ನೆಲುಬು ಕತ್ತರಿಸಿ ತೆಗೆದು, ಹಕ್ಕಿಯನ್ನು ಚಪ್ಪಟೆಯಾಗಿ ಬಿಡಿಸಿಡುವ ಕ್ರಮ. ಅಡಿಗೆ ಮಡಚಿಕೊಂಡಿದ್ದ ತೊಡೆಗಳು ಹೊರಚಾಚಿ ನೇರ ಬಿಸಿಗೆ ಒಡ್ಡಿಕೊಳ್ಳುತ್ತವೆ, ಬೇಯುವ ಸಮಯವೂ ಬಹಳಷ್ಟು ಇಳಿಯುತ್ತದೆ. ಇಡೀ ಹಕ್ಕಿಯನ್ನು ತಟ್ಟೆಯಲ್ಲಿ ಮೆರೆಸುವ ವೈಭವ ಮಾತ್ರ ಇರುವುದಿಲ್ಲ.

ಇನ್ನು ಉಪ್ಪು. ಎರಡು ದಿನ ಮೊದಲು ಕಿಲೋಗೆ ಸುಮಾರು 10 ಗ್ರಾಂ ಉಪ್ಪು ಸವರಿ, ಮುಚ್ಚದೆ ಫ್ರಿಜ್ಜಿನಲ್ಲಿಡಬೇಕು. ಮೊದಲ ಕೆಲವು ಗಂಟೆ ಚರ್ಮದ ಮೇಲೆ ನೀರು ಒಸರುತ್ತದೆ. ಆ ನೀರಿನಲ್ಲೇ ಕರಗಿದ ಉಪ್ಪು ಮೆಲ್ಲಗೆ ಒಳಗಿಳಿದು ಮಯೋಸಿನ್‌ನ ಹಿಡಿತ ಸಡಿಲಿಸುತ್ತದೆ. ಬೆಂದಾಗ ಮಾಂಸ ಅಷ್ಟಾಗಿ ಬಿಗಿಯದೆ ರಸ ಉಳಿಸಿಕೊಳ್ಳುತ್ತದೆ. ಅಷ್ಟರಲ್ಲಿ ಫ್ರಿಜ್ಜಿನ ಒಣಗಾಳಿಗೆ ಚರ್ಮದ ಪಸೆ ಆರಿ, ಮುಟ್ಟಿದರೆ ಕಾಗದದಂತೆ ಬಿಗಿಯಾಗಿರುತ್ತದೆ.

ಹೊಂಬಣ್ಣ ಬರಲು ಈ ಒಣ ಚರ್ಮವೇ ಬೇಕು. ಅಮೈನೋ ಆಮ್ಲ ಮತ್ತು ಸಕ್ಕರೆಗಳು ಬಿಸಿಯಲ್ಲಿ ಕೂಡಿ ಕಂದುಬಣ್ಣ, ಪರಿಮಳ ಕೊಡುವ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮಿಲ್ ಮೇಯಾರ್. ಅದು ಚುರುಕಾಗುವುದು 140 ಡಿಗ್ರಿಯ ಆಸುಪಾಸಿನಲ್ಲಿ. ಆದರೆ ನೀರು ಇರುವವರೆಗೆ ಚರ್ಮ 100 ಡಿಗ್ರಿ ದಾಟುವುದಿಲ್ಲ. ಒಂದು ಗ್ರಾಂ ನೀರನ್ನು 20ರಿಂದ 100 ಡಿಗ್ರಿಗೆ ಏರಿಸಲು 80 ಕ್ಯಾಲೊರಿ ಸಾಕು. ಅದೇ ನೀರನ್ನು ಆವಿ ಮಾಡಲು ಸುಮಾರು 540 ಬೇಕು. ಓವನ್ನಿನ ಬಾಗಿಲು ತೆರೆದು ತೆರೆದು ತಟ್ಟೆಯ ರಸವನ್ನು ಮೇಲೆ ಸುರಿಯುವವರು ಈ ಲೆಕ್ಕ ಗಮನಿಸಬೇಕು. ಆ ರಸ ಚರ್ಮ ದಾಟಿ ಮಾಂಸಕ್ಕೆ ಇಳಿಯುವುದಿಲ್ಲ. ಒಣಗಿದ ಚರ್ಮವನ್ನು ಮತ್ತೆ ಒದ್ದೆ ಮಾಡುತ್ತದೆ, ಓವನ್ನಿನ ಬಿಸಿಯನ್ನೂ ಕಳೆಯುತ್ತದೆ. ಬೆಣ್ಣೆಯಲ್ಲೂ ನೀರಿದೆ, ಹಾಗಾಗಿ ಸವರುವುದಾದರೆ ತುಪ್ಪ ಮೇಲು.

ಬೆಂದಿದೆಯೇ ಎಂದು ಗಡಿಯಾರ ಹೇಳಲಾರದು. ಥರ್ಮಾಮೀಟರಿನ ಮೊನೆಯನ್ನು ಎದೆಯ ಅತಿ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ ನೋಡಬೇಕು. ಸಾಲ್ಮೊನೆಲ್ಲಾದಂಥ ರೋಗಾಣು ಸಾಯಲು ಅಮೆರಿಕದ ಕೃಷಿ ಇಲಾಖೆ ಹೇಳುವ ಬಿಸಿ 74 ಡಿಗ್ರಿ. ಇಷ್ಟು ದೊಡ್ಡ ಹಕ್ಕಿ ಹೊರಗೆ ತೆಗೆದ ಮೇಲೂ ಒಳಗೊಳಗೇ ಕೆಲವು ಡಿಗ್ರಿ ಏರುತ್ತದೆ. ಹಾಗಾಗಿ ಎದೆ 71 ಮುಟ್ಟಿದಾಗ, ತೊಡೆ 75 ದಾಟಿದ್ದನ್ನು ಖಚಿತಪಡಿಸಿಕೊಂಡು ತೆಗೆಯಬಹುದು. ಎದೆ 74 ತಲುಪಿತೇ ಎಂದು ಮತ್ತೊಮ್ಮೆ ಚುಚ್ಚಿ ನೋಡುವುದನ್ನು ಬಿಡಬಾರದು. ಅರ್ಧ ಗಂಟೆ ಹಾಗೆಯೇ ಇಟ್ಟರೆ ಒಳಗಿನ ರಸ ತುಸು ದಪ್ಪವಾಗಿ, ಚಾಕು ಹಾಕಿದಾಗ ಹರಿದು ಹೋಗುವುದಿಲ್ಲ. ಚರ್ಮ ಗರಿಗರಿಯಾಗಿರಬೇಕಾದರೆ ಆ ಹೊತ್ತಿನಲ್ಲಿ ಹಕ್ಕಿಯ ಮೇಲೆ ಏನನ್ನೂ ಮುಚ್ಚಬೇಡಿ.