ಬಿಡ್ತು ಅನ್ನು

ಮಕ್ಕಳ ಬಾಯಲ್ಲಿ ಅಪಶಕುನದ ಮಾತು ಬಂದರೆ ನಮ್ಮ ಅಜ್ಜಿಯರು ತಟ್ಟನೆ "ಬಿಡ್ತು ಅನ್ನು" ಅನ್ನುತ್ತಿದ್ದರು. ಅಂದರಾಯಿತು, ದೋಷ ಕಳೆಯಿತು. ಬಾಯಿಗೆ ಬಂದ ಮಾತನ್ನು ಹೀಗೆ ವಾಪಸು ಪಡೆಯಬಹುದು, ತಲೆಯೊಳಗೆ ಬಂದದ್ದನ್ನು? ಔಷಧಿ ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದು ಪಂಡಿತರು ಪಥ್ಯ ಹೇಳಿದ್ದೇ ತಡ, ರೋಗಿ ಬಟ್ಟಲೆತ್ತಿದಾಗಲೆಲ್ಲ ಮಂಗ ಹಾಜರಾದ ಕತೆ ನಮಗೆ ಗೊತ್ತೇ ಇದೆ.

1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಹೆಚ್ಚುಕಡಿಮೆ ಇದನ್ನೇ ಪ್ರಯೋಗ ಮಾಡಿ ನೋಡಿದರು. ಮಂಗನ ಜಾಗದಲ್ಲಿ ಬಿಳಿ ಕರಡಿ, ಅಷ್ಟೇ. ವಿದ್ಯಾರ್ಥಿಯ ಮುಂದೆ ಒಂದು ಗಂಟೆ. ಮನಸ್ಸಿಗೆ ಬಂದದ್ದೆಲ್ಲ ಹೇಳುತ್ತಾ ಹೋಗು, ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡ, ನೆನಪಾದರೆ ಗಂಟೆ ಬಾರಿಸು. ಐದು ನಿಮಿಷದುದ್ದಕ್ಕೂ ಗಂಟೆ ಟಿಣ್ ಟಿಣ್ ಅನ್ನುತ್ತಲೇ ಇತ್ತು. ಆಮೇಲೆ "ಈಗ ನೆನೆಯಬಹುದು" ಎಂದಾಗ, ಮೊದಲು ತಡೆಹಿಡಿದಿದ್ದವರಿಗೇ ಕರಡಿ ಹೆಚ್ಚು ಬಂತು; ಶುರುವಿನಿಂದಲೇ ಅನುಮತಿ ಇದ್ದವರಿಗಿಂತಲೂ ಹೆಚ್ಚು.

ಕೆಟ್ಟ ಯೋಚನೆಯನ್ನು ಅದುಮಿ ಫಲವಿಲ್ಲ, ಸರಿ. ಅದರ ಜೊತೆ ಬೇರೇನು ಮಾಡಬಹುದು ಎಂಬುದು ಅದಕ್ಕೂ ಸುಮಾರು ಮೂವತ್ತು ವರ್ಷ ಹಿಂದೆ ಫಿಲಡೆಲ್ಫಿಯಾದಲ್ಲಿ ಒಬ್ಬ ಡಾಕ್ಟರ ತಪ್ಪು ಊಹೆಯಿಂದ ಗೊತ್ತಾಗತೊಡಗಿತ್ತು. ಆರನ್ ಬೆಕ್ ಆಗ ಫ್ರಾಯ್ಡ್ ದಾರಿಯವರು: ರೋಗಿ ಮಂಚದ ಮೇಲೆ ಮಲಗಿ ಮನಸ್ಸಿಗೆ ಬಂದದ್ದನ್ನು ಹೇಳಬೇಕು, ಡಾಕ್ಟರು ಕೇಳಿಸಿಕೊಂಡು ಅರ್ಥ ಹೇಳಬೇಕು. ಒಬ್ಬಾಕೆ ತನ್ನ ಪ್ರಣಯ ಪ್ರಸಂಗಗಳನ್ನು ಬಣ್ಣಿಸುತ್ತಿದ್ದಳು. ಈಗ ಹೇಗನಿಸುತ್ತಿದೆ ಎಂದು ಬೆಕ್ ಕೇಳಿದರೆ, ಆತಂಕ ಅಂದಳು. ಅವರು ಪುಸ್ತಕದ ಪ್ರಕಾರ ಅದಕ್ಕೆ ಕಾಮದ ಅರ್ಥ ಹಚ್ಚಿದರು. ಅದಲ್ಲ, ನನ್ನ ಮಾತಿನಿಂದ ನಿಮಗೆ ಬೇಸರವಾಗುತ್ತಿದೆಯೇನೋ ಅನ್ನಿಸುತ್ತಿತ್ತು ಎಂದಳು ಆಕೆ.

ಆಡುವ ಮಾತಿನ ಅಡಿಯಲ್ಲಿ ಇನ್ನೊಂದು ಮಾತು ಹರಿಯುತ್ತಿತ್ತು. ಬೆಕ್ ಬೇರೆ ರೋಗಿಗಳನ್ನೂ ಕೇಳತೊಡಗಿದರು: ಈಗ, ಈ ಕ್ಷಣ, ಮನಸ್ಸಿನಲ್ಲಿ ಏನು ಹಾದುಹೋಯಿತು? ನಾನು ದಡ್ಡ, ನನ್ನಿಂದಾಗದು, ಯಾರಿಗೂ ಬೇಡವಾದವನು ಎಂಬಂಥ ಚೂರುಪಾರು ಮಾತುಗಳು ಹೊರಬಂದವು. ಕರೆಯದೆ ಬರುವ, ಬಂದೊಡನೆ ನಿಜವೆಂದೇ ತೋರುವ ಇವನ್ನು ಅವರು ತಾನಾಗಿ ಹುಟ್ಟುವ ಯೋಚನೆಗಳು ಎಂದು ಕರೆದರು. ಅವನ್ನು ಹೊರಗೆಳೆದು, ಸಾಕ್ಷಿ ಏನಿದೆ ಎಂದು ರೋಗಿಯ ಜೊತೆ ಕೂತು ನೋಡುವ ಚಿಕಿತ್ಸೆ 1960ರ ದಶಕದಲ್ಲಿ ರೂಪು ತಳೆಯಿತು. ಬೆಕ್ ಸ್ವತಃ ಹುಡುಗನಾಗಿದ್ದಾಗ ಕೈ ಮುರಿದು, ನಂಜೇರಿ, ಆಸ್ಪತ್ರೆ ಹಿಡಿದು, ಒಂದು ವರ್ಷ ಅದೇ ತರಗತಿಯಲ್ಲಿ ಉಳಿದು ತಾನು ದಡ್ಡನೆಂದೇ ನಂಬಿದ್ದವರು.

1990ರ ದಶಕದಲ್ಲಿ ಸೆಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರಿಗೆ ಇಲ್ಲೊಂದು ಅನುಮಾನ ಬಂತು. ಗುಣವಾಗುವುದು ಯೋಚನೆ ತಿದ್ದುವುದರಿಂದಲೋ, ಇಲ್ಲಾ ತಿದ್ದಲು ಕೂತಾಗ ಅದರಿಂದ ಒಂದು ಗೇಣು ಹಿಂದೆ ಸರಿದು ನೋಡುವುದರಿಂದಲೋ? ಅವರು ಮ್ಯಾಸಚುಸೆಟ್ಸ್‌ನಲ್ಲಿ ಜಾನ್ ಕಬತ್-ಜಿನ್ 1979ರಿಂದ ನಡೆಸುತ್ತಿದ್ದ ಧ್ಯಾನದ ತರಗತಿಗಳಿಗೆ ಹೋದರು. ಯಾರಾದರೂ ದುಃಖ ತೋಡಿಕೊಂಡರೆ ಅಲ್ಲಿನವರು ಸರಿಮಾಡಲು ಧಾವಿಸುತ್ತಿರಲಿಲ್ಲ. ಅದು ಇರಲಿ, ಗಮನಿಸಿ ಅನ್ನುತ್ತಿದ್ದರು. ಚಿಕಿತ್ಸಕರಾದ ಈ ಮೂವರಿಗೆ ಮೊದಮೊದಲು ಇದು ಜೀರ್ಣವಾಗಲಿಲ್ಲ. ಆದರೂ ಎರಡನ್ನೂ ಬೆಸೆದು, 145 ಜನರ ಮೇಲೆ ಪರೀಕ್ಷಿಸಿ, 2000ದಲ್ಲಿ ಪ್ರಕಟಿಸಿದರು. ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಬಿದ್ದಿದ್ದವರಲ್ಲಿ, ಮಾಮೂಲು ಚಿಕಿತ್ಸೆಯಲ್ಲೇ ಇದ್ದ ಶೇ. 66 ಮಂದಿ ಮತ್ತೆ ಬಿದ್ದರೆ, ಇದನ್ನು ಕಲಿತವರಲ್ಲಿ ಶೇ. 37.

ಇದು ಮಕ್ಕಳಿಗೂ ಒಗ್ಗೀತು ಎಂದು ಯಾರಿಗಾದರೂ ಅನ್ನಿಸುವುದು ಸಹಜ. 2009ರಲ್ಲಿ ಇಂಗ್ಲೆಂಡಿನ ಮೇಷ್ಟರುಗಳೇ ಸೇರಿ ಶಾಲೆಗೆಂದು ಪಾಠ ಬರೆದರು. ಅದರ ಹೆಸರು ಒಂದು ಚುಕ್ಕಿ ಮತ್ತು 'ಬಿ' ಅಕ್ಷರ: ಚುಕ್ಕಿ ಎಂದರೆ ನಿಲ್ಲು, 'ಬಿ' ಎಂದರೆ ಉಸಿರಾಡು, ಸುಮ್ಮನೆ ಇರು. ಯೋಚನೆಗಳ ಟ್ರಾಫಿಕ್ಕನ್ನು ಪಕ್ಕಕ್ಕೆ ನಿಂತು ನೋಡುವುದೂ ಒಂದು ಪಾಠ. ಬಂದ ಬಸ್ಸನ್ನೆಲ್ಲ ಹತ್ತಬೇಕೆಂದೇನಿಲ್ಲ ಎಂಬುದು ಬಸ್‌ಸ್ಟಾಪಿನಲ್ಲಿ ನಿಂತ ಯಾವ ಮಗುವಿಗೂ ಅರ್ಥವಾಗುವಂಥದ್ದು.

ಪಾಠ ಚೆನ್ನಾಗಿತ್ತು. ಆದರೆ 85 ಶಾಲೆಗಳ 8 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂದಾಗ ಎಲ್ಲರಿಗೂ ನಿರಾಶೆ. ಮಾಮೂಲಿ ಪಾಠ ಕೇಳಿದವರಿಗಿಂತ ಇದನ್ನು ಕಲಿತವರು ಹೆಚ್ಚು ನೆಮ್ಮದಿಯಾಗಿರಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದವರು ತೀರಾ ಕಡಿಮೆ. ಬೋರು ಎಂದವರೂ ಇದ್ದರು. ಬೆಕ್ ಅವರ ಆ ರೋಗಿ ತನ್ನ ಸಂಕಟ ಹೊತ್ತು ತಾನೇ ಬಂದಿದ್ದಳು. ಈ ಮಕ್ಕಳನ್ನು ಟೈಮ್‌ಟೇಬಲ್ಲು ಕೂರಿಸಿತ್ತು. ಅವರನ್ನು ಯಾರೂ ಒಬ್ಬೊಬ್ಬರನ್ನಾಗಿ, ಈಗ ಮನಸ್ಸಿನಲ್ಲಿ ಏನು ಹಾದುಹೋಯಿತು ಪುಟ್ಟಾ ಎಂದು ಕೇಳಿರಲಿಕ್ಕಿಲ್ಲ ಎಂಬುದು ನನ್ನ ಗುಮಾನಿ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಈ ಪಾಠ ಹೇಳಿಕೊಡಲೆಂದು ತಾವೇ ಮೊದಲು ಕೂತು ಕಲಿತ ಮೇಷ್ಟರುಗಳಲ್ಲಿ, ಕೆಲಸದಿಂದ ಬಸವಳಿಯುವುದು ಕಡಿಮೆಯಾಗಿತ್ತು.