ಶಾಲೆ ಬಿಟ್ಟ ನಂತರ ಮಗು ಎಲ್ಲಿ? ಇಂಗ್ಲೆಂಡಿನ ಶಾಲಾ ಕ್ಲಬ್‌ಗಳ ಗುಣಮಟ್ಟದ ಬಗ್ಗೆ ಒಂದಿಷ್ಟು ಮಾಹಿತಿ

ಮಗಳೋ ಸೊಸೆಯೋ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಕುಟುಂಬಗಳು ನಮ್ಮ ಕರಾವಳಿಯಲ್ಲಿ ಸಾಕಷ್ಟಿವೆ. ಮೊಮ್ಮಗುವನ್ನು ನೋಡಿಕೊಳ್ಳಲು ಅಜ್ಜಿ ಹೋಗುತ್ತಾರೆ. ಆದರೆ ಸಂದರ್ಶಕರ ವೀಸಾದಲ್ಲಿ ಒಮ್ಮೆಗೆ ಇರಬಹುದಾದದ್ದು ಸಾಮಾನ್ಯವಾಗಿ ಆರು ತಿಂಗಳು ಮಾತ್ರ. ಅಜ್ಜಿ ಊರಿಗೆ ಮರಳಿದ ಮೇಲೆ ಫೋನಿನಲ್ಲಿ ಬರುವ ಉತ್ತರ ಒಂದೇ: "ಮಗು ಕ್ಲಬ್‌ನಲ್ಲಿ ಇರುತ್ತದೆ." ನಮ್ಮಲ್ಲಿ ಕ್ಲಬ್ ಎಂದರೆ ಯುವಕರ ಸಂಘ, ಇಲ್ಲವೇ ಇಸ್ಪೀಟಿನ ಮೇಜು. ಹಾಗಾಗಿ ಹಿರಿಯರಿಗೆ ಆತಂಕವಾಗುವುದು ಸಹಜ. ಈ ಕ್ಲಬ್ ಎಂದರೇನು, ಅದರ ಮೇಲೆ ಯಾರ ನಿಗಾ ಇದೆ, ಅದು ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ಇಂಗ್ಲೆಂಡಿನಲ್ಲಿ ಹೆಚ್ಚಿನ ಮಕ್ಕಳು ನಾಲ್ಕು ವರ್ಷ ತುಂಬಿದ ನಂತರದ ಸೆಪ್ಟೆಂಬರಿನಲ್ಲಿ 'ರಿಸೆಪ್ಷನ್' ತರಗತಿಗೆ ಸೇರುತ್ತಾರೆ. ಶಾಲೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಆರಂಭವಾಗಿ ಮಧ್ಯಾಹ್ನ ಮೂರು, ಮೂರೂಕಾಲಕ್ಕೆ ಬಿಡುತ್ತದೆ. ಆಸ್ಪತ್ರೆಯ ವಾರ್ಡ್‌ಗಳಲ್ಲಿ ಹನ್ನೆರಡು ಗಂಟೆಯ ಪಾಳಿ ಸಾಮಾನ್ಯ. ಈ ನಡುವಿನ ಸಮಯಕ್ಕಾಗಿ ಶಾಲೆಯ ಕಟ್ಟಡದಲ್ಲಿಯೇ ಬೆಳಿಗ್ಗೆ ಏಳೂವರೆ ಅಥವಾ ಎಂಟಕ್ಕೆ ಬ್ರೇಕ್‌ಫಾಸ್ಟ್ ಕ್ಲಬ್, ಶಾಲೆ ಬಿಟ್ಟ ಮೇಲೆ ಸಂಜೆ ಆರರವರೆಗೆ ಆಫ್ಟರ್ ಸ್ಕೂಲ್ ಕ್ಲಬ್ ನಡೆಯುತ್ತದೆ. ಎರಡಕ್ಕೂ ಹೋಗುವ ನಾಲ್ಕು ವರ್ಷದ ಮಗು ದಿನಕ್ಕೆ ಹತ್ತು ಗಂಟೆ ಮನೆಯಿಂದ ಹೊರಗಿರುತ್ತದೆ ಎಂಬುದನ್ನು ಮರೆಯಬಾರದು.

ಇದು ಹೊಸ ವ್ಯವಸ್ಥೆಯೇನಲ್ಲ. 2010ರೊಳಗೆ ಎಲ್ಲಾ ಪ್ರಾಥಮಿಕ ಶಾಲೆಗಳ ಮೂಲಕ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಪಾಲನೆ ದೊರೆಯಬೇಕೆಂದು ಅಲ್ಲಿಯ ಸರಕಾರ 2005ರಲ್ಲೇ ಹೇಳಿತ್ತು. 2023ರ ಬಜೆಟ್‌ನಲ್ಲಿ ಇದೇ ಎಂಟರಿಂದ ಆರರ ಗುರಿಗಾಗಿ ಮತ್ತೆ 28.9 ಕೋಟಿ ಪೌಂಡ್ ಘೋಷಿಸಲಾಯಿತು. ಈ ಬಾರಿ ನೀಡಿದ ಗಡುವು 2026ರ ಸೆಪ್ಟೆಂಬರ್. ಜಾಗಗಳ ಸಂಖ್ಯೆಯ ಬಗ್ಗೆ ಇಷ್ಟು ಮಾತು ನಡೆದಿದೆ. ಗುಣಮಟ್ಟದ ಮಾತು ಅಷ್ಟಾಗಿ ಕೇಳಿಬರುವುದಿಲ್ಲ.

ಮೊದಲು ತಿಳಿಯಬೇಕಾದದ್ದು, ಕ್ಲಬ್ ನಡೆಸುವವರು ಯಾರು ಎಂಬುದು. ಶಾಲೆಯ ಹೆಸರು ಫಲಕದಲ್ಲಿದ್ದ ಮಾತ್ರಕ್ಕೆ ಕ್ಲಬ್ ಶಾಲೆಯದ್ದೇ ಆಗಿರಬೇಕೆಂದಿಲ್ಲ. ಕೆಲವನ್ನು ಶಾಲೆಯ ಆಡಳಿತ ಮಂಡಳಿಯೇ ನಡೆಸುತ್ತದೆ. ಕೆಲವನ್ನು ಪೋಷಕರ ಸಮಿತಿ, ಇನ್ನು ಕೆಲವನ್ನು ಶಾಲೆಯ ಹಾಲ್ ಬಾಡಿಗೆಗೆ ಪಡೆದ ಖಾಸಗಿ ಸಂಸ್ಥೆಗಳು ನಡೆಸುತ್ತವೆ. ಕೆಥೊಲಿಕ್ ಶಾಲೆಗಳಲ್ಲಿಯೂ ಹೀಗೆಯೇ. "ನಮ್ಮ ಚರ್ಚ್ ಶಾಲೆ, ಚಿಂತೆಯಿಲ್ಲ" ಎಂದು ನಂಬಿದವರು ಇದನ್ನು ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು. ಶಾಲೆಯೇ ನಡೆಸುವ ಕ್ಲಬ್‌ಗೆ ಸಾಮಾನ್ಯವಾಗಿ ಪ್ರತ್ಯೇಕ ನೋಂದಣಿ ಬೇಕಿಲ್ಲ, ಶಾಲೆಯ ತಪಾಸಣೆಯಲ್ಲೇ ಅದೂ ಸೇರುತ್ತದೆ. ಹೊರಗಿನವರು ನಡೆಸುವುದಾದರೆ, ಎಂಟು ವರ್ಷದೊಳಗಿನ ಮಕ್ಕಳಿದ್ದಲ್ಲಿ, 'ಆಫ್‌ಸ್ಟೆಡ್' ಎಂಬ ಸರಕಾರಿ ತಪಾಸಣಾ ಇಲಾಖೆಯಲ್ಲಿ ನೋಂದಾಯಿಸಬೇಕು. ಫುಟ್‌ಬಾಲ್, ನೃತ್ಯ ಇತ್ಯಾದಿ ತರಬೇತಿ ಮಾತ್ರ ನೀಡುವವರಿಗೆ ಸಾಮಾನ್ಯವಾಗಿ ಇದು ಕಡ್ಡಾಯವಲ್ಲ.

ನೋಂದಾಯಿತ ಕ್ಲಬ್‌ನಲ್ಲಿ ಕೆಲಸ ಮಾಡುವವರ ಹಿನ್ನೆಲೆಯನ್ನು ಪರಿಶೀಲಿಸಿರಬೇಕು. ರಿಸೆಪ್ಷನ್ ವಯಸ್ಸಿನ ಮಕ್ಕಳಿದ್ದಲ್ಲಿ, ಮಕ್ಕಳ ಪ್ರಥಮ ಚಿಕಿತ್ಸೆಯ ತರಬೇತಿ ಪಡೆದ ಒಬ್ಬರಾದರೂ ಸದಾ ಸ್ಥಳದಲ್ಲಿರಬೇಕು. ಆ ಪ್ರಮಾಣಪತ್ರವನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಪೋಷಕರು ಮೊದಲೇ ಹೆಸರು ಕೊಟ್ಟವರ ಕೈಗೆ ಮಾತ್ರ ಮಗುವನ್ನು ಒಪ್ಪಿಸಬೇಕು. ಪಾಳಿ ತಡವಾಯಿತೆಂದು ಪಕ್ಕದ ಮನೆಯ ನಮ್ಮೂರಿನವರನ್ನು ಕಳುಹಿಸಿದಾಗ ಕ್ಲಬ್‌ನವರು ಮಗುವನ್ನು ಬಿಡದಿದ್ದರೆ ಅದನ್ನು ಅವಮಾನವೆಂದು ಭಾವಿಸಬಾರದು. ಹಾಗೆ ನಿರಾಕರಿಸಿದ ಕ್ಲಬ್ ಒಳ್ಳೆಯ ಕ್ಲಬ್. ಅಂತಹ ಇಬ್ಬರು ಮೂವರ ಹೆಸರನ್ನು ಮುಂಚಿತವಾಗಿಯೇ ಬರೆದುಕೊಟ್ಟಿರಬೇಕು ಅಷ್ಟೆ.

ಇವೆಲ್ಲವೂ ಸುರಕ್ಷತೆಯ ವಿಷಯ. ಗುಣಮಟ್ಟ ಇನ್ನೊಂದು. ಮೊದಲು ಏಳು ವರ್ಷದವರೆಗಿನ ಎಂಟು ಮಕ್ಕಳಿಗೆ ಒಬ್ಬ ಸಿಬ್ಬಂದಿ ಎಂಬ ಲೆಕ್ಕವಿತ್ತು. 2014ರಿಂದ ಇಂತಹ ಕ್ಲಬ್‌ಗಳಿಗೆ ಆ ನಿಗದಿತ ಸಂಖ್ಯೆ ಇಲ್ಲ. ಎಷ್ಟು ಜನ ಸಾಕು ಎಂಬುದನ್ನು ನಡೆಸುವವರೇ ತೀರ್ಮಾನಿಸುತ್ತಾರೆ. ತಪಾಸಣೆಯೂ ಬದಲಾಯಿತು. ಹಿಂದೆ ಆಫ್‌ಸ್ಟೆಡ್ ಈ ಕ್ಲಬ್‌ಗಳಿಗೂ 'ಅತ್ಯುತ್ತಮ', 'ಉತ್ತಮ' ಎಂಬಂತೆ ದರ್ಜೆ ಕೊಡುತ್ತಿತ್ತು. 2019ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕ್ರಮದಲ್ಲಿ, ಶಾಲಾ ಸಮಯದ ಹೊರಗೆ ಮಾತ್ರ ನಡೆಯುವ ಕ್ಲಬ್‌ಗಳಿಗೆ ದರ್ಜೆ ಇಲ್ಲ. ನಿಯಮ ಪಾಲಿಸಿದೆ ಅಥವಾ ಪಾಲಿಸಿಲ್ಲ ಎಂಬ ತೀರ್ಪು ಮಾತ್ರ. ಮಕ್ಕಳು ದಿನವಿಡೀ ಕಲಿತು ಬಂದಿರುತ್ತಾರೆ, ಕ್ಲಬ್‌ನಲ್ಲಿ ಮತ್ತೆ ಪಾಠದ ಅಳತೆ ಬೇಡ ಎಂಬ ವಾದದಲ್ಲಿ ಹುರುಳಿದೆ. ಆದರೆ ಇದರಿಂದಾದ ಪರಿಣಾಮವೇನೆಂದರೆ, ಮಕ್ಕಳು ನಗುತ್ತಾ ಆಡುವ ಕ್ಲಬ್‌ಗೂ, ಹಾಲ್‌ನಲ್ಲಿ ಟಿ.ವಿ. ಹಚ್ಚಿ ಕುಳ್ಳಿರಿಸುವ ಕ್ಲಬ್‌ಗೂ ಒಂದೇ 'ಪಾಲಿಸಿದೆ' ಎಂಬ ತೀರ್ಪು ಸಿಗಬಹುದು. ವ್ಯತ್ಯಾಸವನ್ನು ತಂದೆತಾಯಿಗಳೇ ಕಣ್ಣಾರೆ ನೋಡಿ ತಿಳಿಯಬೇಕಾಗಿದೆ.

ನೋಡುವುದಾದರೆ ಬೆಳಿಗ್ಗೆ ಕಚೇರಿಗೆ ಹೋಗಿ ಫಾರ್ಮ್ ತುಂಬಿ ಬರುವುದರಿಂದ ಪ್ರಯೋಜನವಿಲ್ಲ. ಸಂಜೆ ನಾಲ್ಕೂವರೆಗೆ, ಮಕ್ಕಳು ದಣಿದಿರುವ ಹೊತ್ತಿನಲ್ಲಿ ಹೋಗಬೇಕು. ಹತ್ತು ವರ್ಷದ ಹುಡುಗರು ಚೆಂಡು ಒದೆಯುವ ಜಾಗದಲ್ಲೇ ನಾಲ್ಕು ವರ್ಷದವರು ಗೋಡೆಗೆ ಅಂಟಿ ನಿಂತಿದ್ದಾರೆಯೇ? ಮಲಗಬಯಸುವ ಮಗುವಿಗೆ ಒಂದು ಮೂಲೆ, ಒಂದು ಚಾಪೆ ಇದೆಯೇ? ಸಿಬ್ಬಂದಿ ಮಕ್ಕಳ ಜೊತೆ ನೆಲದ ಮೇಲೆ ಕುಳಿತಿದ್ದಾರೋ, ಬಾಗಿಲಲ್ಲಿ ನಿಂತು ತಮ್ಮೊಳಗೆ ಮಾತಾಡುತ್ತಿದ್ದಾರೋ? ಹೋದ ವರ್ಷ ಇದ್ದವರೇ ಈ ವರ್ಷವೂ ಇದ್ದಾರೆಯೇ ಎಂದೂ ಕೇಳಬೇಕು. ದಿನಕ್ಕೆ ಎರಡು ಮೂರು ಗಂಟೆಯ ಕೆಲಸವಾದ್ದರಿಂದ ಸಿಬ್ಬಂದಿ ನಿಲ್ಲುವುದು ಕಷ್ಟ. ಮಗುವಿಗಾದರೋ ಪರಿಚಿತ ಮುಖವೇ ದೊಡ್ಡ ಸಮಾಧಾನ.

ನಮ್ಮವರು ಮೊದಲು ಕೇಳುವುದು "ಹೋಂವರ್ಕ್ ಮಾಡಿಸುತ್ತಾರೆಯೇ?" ಎಂದು. ದೊಡ್ಡ ಮಕ್ಕಳಿಗೆ ಅದು ಇರಲಿ. ಆದರೆ ಮಗು ತಾನೇ ಆರಿಸಿಕೊಂಡು ಆಡುವ ಆಟವೇ ಮುಖ್ಯವೆಂಬ ತತ್ವವನ್ನು ಅಲ್ಲಿ ಈ ಕೆಲಸಕ್ಕೆ ತರಬೇತಿ ಪಡೆದವರು 2005ರಿಂದ ಲಿಖಿತವಾಗಿ ಒಪ್ಪಿಕೊಂಡಿದ್ದಾರೆ. ಐದು ವರ್ಷದ ಮಗುವಿನ ಮಟ್ಟಿಗೆ ಅವರೇ ಸರಿ ಎಂದು ನಮಗನಿಸುತ್ತದೆ.

ಊರಿನಿಂದ ಈಗಷ್ಟೇ ಹೋದ ಮಗುವಿನ ವಿಷಯದಲ್ಲಿ ಇನ್ನೂ ಒಂದು ಮಾತು. ಮನೆಯಲ್ಲಿ ಕೊಂಕಣಿ ಮಾತಾಡುವ ಮಗು ಬಾಯಾರಿದಾಗ 'ಉದಕ್' ಎಂದೇ ಕೇಳುತ್ತದೆ. ನೀರು, ಶೌಚ, ಹೊಟ್ಟೆನೋವು ಇವಿಷ್ಟಕ್ಕೆ ಮಗು ಬಳಸುವ ಶಬ್ದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟರೆ ಅರ್ಧ ಅಳು ತಪ್ಪುತ್ತದೆ. ಆಹಾರದ ಅಲರ್ಜಿಯನ್ನು ಫಾರ್ಮ್‌ನಲ್ಲಿ ತಪ್ಪದೆ ಬರೆಯಬೇಕು.

ಖರ್ಚಿನ ವಿಷಯದಲ್ಲಿ ಹಲವರು ಮೋಸ ಹೋಗುತ್ತಾರೆ. ಪೋಷಕರು ಪಾವತಿಸುವ ಪ್ರತಿ 8 ಪೌಂಡ್‌ಗೆ ಸರಕಾರ 2 ಪೌಂಡ್ ಸೇರಿಸುವ, ಮಗುವೊಂದಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 2,000 ಪೌಂಡ್‌ವರೆಗಿನ ಯೋಜನೆ 2017ರಲ್ಲಿ ಆರಂಭವಾಯಿತು. ಆದರೆ ಸರಕಾರಿ ಸವಲತ್ತು ಪಡೆಯುವಂತಿಲ್ಲ ಎಂಬ ಷರತ್ತಿನ ವೀಸಾ ಗಂಡ ಹೆಂಡತಿ ಇಬ್ಬರಿಗೂ ಇದ್ದರೆ ಇದು ದೊರೆಯುವುದಿಲ್ಲ. ಕೆಲಸದ ವೀಸಾದಲ್ಲಿ ಹೋದ ಹೆಚ್ಚಿನ ನರ್ಸ್‌ಗಳ ಸ್ಥಿತಿ ಇದೇ. ಗೆಳತಿಗೆ ಸಿಕ್ಕಿತೆಂದು ಲೆಕ್ಕ ಹಾಕಿ ಹೊರಡುವ ಮುನ್ನ ವೀಸಾದ ಷರತ್ತು ಓದಬೇಕು. ಪಾಳಿ ರಾತ್ರಿ ಏಳೂವರೆಗೆ ಮುಗಿದರೆ ಕ್ಲಬ್ ಆರಕ್ಕೇ ಮುಚ್ಚಿರುತ್ತದೆ. ತಡವಾದರೆ ದಂಡ ವಿಧಿಸುವ ಕ್ಲಬ್‌ಗಳೂ ಇವೆ. ಆದುದರಿಂದ ಪಾಳಿಯ ಹೊಂದಾಣಿಕೆಯನ್ನು ವಾರ್ಡ್‌ನ ಮೇಲಧಿಕಾರಿಯೊಂದಿಗೆ ಮೊದಲೇ ಮಾತಾಡುವುದು ಲೇಸು.

ದೂರಿದ್ದರೆ ಮೊದಲು ಕ್ಲಬ್‌ನ ಮ್ಯಾನೇಜರರಿಗೆ ಬರೆಯಬೇಕು. ರಿಸೆಪ್ಷನ್ ಮಕ್ಕಳ ಪಾಲನೆಯ ನಿಯಮಗಳ ಬಗ್ಗೆ ಲಿಖಿತ ದೂರು ಬಂದರೆ 28 ದಿನಗಳೊಳಗೆ ಫಲಿತಾಂಶ ತಿಳಿಸಬೇಕು. ತೃಪ್ತಿಯಾಗದಿದ್ದರೆ ಆಫ್‌ಸ್ಟೆಡ್‌ಗೆ ತಿಳಿಸಬಹುದು. ಅದರ ತಪಾಸಣಾ ವರದಿಗಳು ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಮುಕ್ತ. ಕ್ಲಬ್‌ನ ಹೆಸರು ಅಥವಾ ಅಂಚೆ ಸಂಕೇತ ಗೊತ್ತಿದ್ದರೆ ಬಜ್ಪೆಯಲ್ಲಿಯೋ ಕಲ್ಯಾಣಪುರದಲ್ಲಿಯೋ ಕುಳಿತಿರುವ ಅಜ್ಜ ಅಜ್ಜಿಯರೂ ಓದಬಹುದು. ಓದುವಾಗ ವರದಿಯ ದಿನಾಂಕವನ್ನು ಮೊದಲು ನೋಡಿರಿ. ಕೆಲವು ವರ್ಷಗಳಿಗೊಮ್ಮೆ ಮಾತ್ರ ತಪಾಸಣೆ ನಡೆಯುವುದರಿಂದ, ಅಂದು ಇದ್ದ ಸಿಬ್ಬಂದಿ ಇಂದು ಅಲ್ಲಿ ಇರಲಿಕ್ಕಿಲ್ಲ.